ಯಾವ ಪ್ಯಾಕೇಜ್ ಮೊದಲು? ಸೋರ್ಸ್‌ನಿಂದ ಲಿನಕ್ಸ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಸೋರ್ಸ್ ಕೋಡ್‌ನಿಂದಲೇ ಲಿನಕ್ಸ್ ಕಟ್ಟಲು ಹೊರಟಿರುವ ವಿದ್ಯಾರ್ಥಿ ಬಳಗಗಳಿಗೆ ಮತ್ತು ಹವ್ಯಾಸಿಗಳಿಗೆ,

ಸೋರ್ಸ್‌ನಿಂದ ಲಿನಕ್ಸ್ ಕಟ್ಟುವಾಗ ಪ್ಯಾಕೇಜುಗಳ ಸರದಿಯನ್ನು ಎರಡು ಪ್ರಶ್ನೆಗಳು ನಿರ್ಧರಿಸುತ್ತವೆ. ಒಂದು ಪ್ಯಾಕೇಜ್ ಕಂಪೈಲ್ ಆಗಲು ಅದಕ್ಕೂ ಮುಂಚೆ ಏನೇನು ಇರಬೇಕು ಎಂಬುದು ಮೊದಲನೆಯದು. ಕಂಪೈಲ್ ಆಗುವ ಹೊತ್ತಿಗೆ ಸುತ್ತಮುತ್ತ ಇದ್ದ ಸಾಮಗ್ರಿಯಲ್ಲಿ ಯಾವುದು ಅದರೊಳಗೆ ಅಚ್ಚೊತ್ತಿ ಉಳಿಯುತ್ತದೆ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಎಡವಿದರೆ ಕಂಪೈಲರ್ ಅಲ್ಲೇ ನಿಂತು ದೂರುತ್ತದೆ. ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ, ತಿದ್ದಬಹುದು. ಎರಡನೆಯದರಲ್ಲಿ ಎಡವಿದರೆ ಯಾರೂ ದೂರುವುದಿಲ್ಲ. ಪ್ಯಾಕೇಜ್ ಕಂಪೈಲ್ ಆಗುತ್ತದೆ, ಸ್ಥಾಪನೆಯಾಗುತ್ತದೆ, ಓಡುತ್ತದೆ ಕೂಡ. ಕೊರತೆ ಕಾಣಿಸಿಕೊಳ್ಳುವುದು ವಾರಗಳ ಮೇಲೆ, ಅದಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಇನ್ನೊಂದು ಕಡೆ. ಹೊಸಬರು ತಮ್ಮ ಗಮನವನ್ನೆಲ್ಲ ಮೊದಲ ಪ್ರಶ್ನೆಗೆ ಮೀಸಲಿಡುವುದರಿಂದ ಎರಡನೆಯದರ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿದೆ.

ಉದಾಹರಣೆಗೆ ಆಧಾರವಾಗಿ ಹೆಚ್ಚಿನವರ ಕೈಯಲ್ಲಿರುವ 'ಲಿನಕ್ಸ್ ಫ್ರಮ್ ಸ್ಕ್ರ್ಯಾಚ್' ಪುಸ್ತಕವನ್ನೇ ಇಟ್ಟುಕೊಳ್ಳಬಹುದು. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ಈ ಎಲ್‌ಎಫ್‌ಎಸ್ ಯೋಜನೆಯ ಕೊನೆಯ ಹಂತದಲ್ಲಿ ಎಂಬತ್ತರ ಆಸುಪಾಸು ಪ್ಯಾಕೇಜುಗಳಿವೆ. ಮೊದಲ ನೋಟಕ್ಕೆ ಅವುಗಳ ಸಾಲು ಗೊತ್ತುಗುರಿಯಿಲ್ಲದ್ದು ಅನ್ನಿಸುತ್ತದೆ. ಕೈಪಿಡಿ ಪುಟಗಳಿಂದ ಶುರುವಾಗಿ, ಸಿ ಲೈಬ್ರರಿಗೆ ಹೋಗಿ, ಅಲ್ಲಿಂದ ಜಿಪ್ ಮಾಡುವ ಲೈಬ್ರರಿಗಳತ್ತ ಹೊರಳಿ, ಎಷ್ಟೋ ದೂರ ಸಾಗಿದ ಮೇಲೆ ಕಂಪೈಲರ್ ಬರುತ್ತದೆ. ಇದರ ಬದಲು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೊರಟರೆ ಮೊದಲ ಹೆಜ್ಜೆಯೇ ಮುಗ್ಗರಿಸುತ್ತದೆ: ಸಾಲಿನ ತಲೆಯಲ್ಲಿ ನಿಲ್ಲುವ ಎಸಿಎಲ್‌ಗೆ ಅದರ ಹಿಂದೆ ಬರುವ ಎಟಿಟಿಆರ್ ಬೇಕು, ಆಟೋಕಾನ್ಫ್‌ಗೆ ಪಟ್ಟಿಯ ನಡುವಿನ ಎಂ4 ಮತ್ತು ಪರ್ಲ್ ಬೇಕು.

ಅವಲಂಬನೆ ಎಂದು ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಬಗೆಗಳಿವೆ. ಕಂಪೈಲ್ ಮಾಡಲು ಬೇಕಾದದ್ದು ಒಂದು. ಓಡುವಾಗ ಮಾತ್ರ ಬೇಕಾದದ್ದು ಇನ್ನೊಂದು. ಪರೀಕ್ಷೆಗಳನ್ನು ನಡೆಸಲು ಬೇಕಾದದ್ದು ಮತ್ತೊಂದು. ಇದ್ದರೆ ಬಳಸಿಕೊಳ್ಳುವ, ಇಲ್ಲದಿದ್ದರೆ ಬಿಟ್ಟುಬಿಡುವ ಐಚ್ಛಿಕ ಅವಲಂಬನೆ ಬೇರೆಯೇ ಒಂದು. ಎಲ್‌ಎಫ್‌ಎಸ್ ಪುಸ್ತಕದ ಅನುಬಂಧ ಪ್ರತಿ ಪ್ಯಾಕೇಜಿಗೂ ಇವನ್ನು ಬಿಡಿಸಿ ಬರೆಯುತ್ತದೆ, ಜೊತೆಗೆ 'ಇದು ಇಂಥದ್ದಕ್ಕಿಂತ ಮೊದಲೇ ಸ್ಥಾಪನೆಯಾಗಿರಬೇಕು' ಎಂಬ ಪ್ರತ್ಯೇಕ ಸಾಲನ್ನೂ ಕೊಡುತ್ತದೆ. ಓದುಗರು ಸಾಮಾನ್ಯವಾಗಿ ಹಾರಿಸಿ ಮುಂದೆ ಹೋಗುವ ಆ ಅನುಬಂಧವೇ ಸರದಿಯ ತರ್ಕ ಸಿಗುವ ಜಾಗ. ಓಡುವಾಗಿನ ಅವಲಂಬನೆ ಸರದಿಯನ್ನು ಅಷ್ಟಾಗಿ ಕಟ್ಟಿಹಾಕುವುದಿಲ್ಲ. ಎರಡು ಪ್ರೋಗ್ರಾಮುಗಳು ಓಡುವಾಗ ಒಂದನ್ನೊಂದು ಕರೆಯುತ್ತಿದ್ದರೆ ಯಾವುದನ್ನು ಮೊದಲು ಕಟ್ಟಿದರೂ ನಡೆಯುತ್ತದೆ, ಬಳಸುವ ಹೊತ್ತಿಗೆ ಎರಡೂ ಇದ್ದರಾಯಿತು. ಪರೀಕ್ಷೆಯ ಅವಲಂಬನೆ ಮಾತ್ರ ಸರದಿಯೊಳಗೆ ನುಗ್ಗುತ್ತದೆ. ಟಿಸಿಎಲ್, ಎಕ್ಸ್‌ಪೆಕ್ಟ್, ದೇಜಾಗ್ನೂ ಎಂಬ ಮೂರು ಪ್ಯಾಕೇಜುಗಳು ಎಲ್‌ಎಫ್‌ಎಸ್ ಸಾಲಿನಲ್ಲಿ ಅಷ್ಟು ಮುಂದೆ ನಿಂತಿರುವುದಕ್ಕೆ ಕಾರಣ ಇಷ್ಟೇ, ಬೈನ್‌ಯುಟಿಲ್ಸ್ ಮತ್ತು ಜಿಸಿಸಿಗಳ ಪರೀಕ್ಷೆಗಳು ಅವಿಲ್ಲದೆ ನಡೆಯುವುದಿಲ್ಲ.

ಕಂಪೈಲ್ ಅವಲಂಬನೆಗಳನ್ನಷ್ಟೇ ತೆಗೆದುಕೊಂಡರೆ ಲೆಕ್ಕ ಸರಳ. ಪ್ರತಿ ಪ್ಯಾಕೇಜ್ ಒಂದು ಬಿಂದು, ಪ್ರತಿ ಅವಲಂಬನೆ ಒಂದು ಬಾಣ. ಯಾವ ಬಾಣವೂ ಬಂದು ಮುಟ್ಟದ ಬಿಂದುವನ್ನು ಆರಿಸಿ ಕಟ್ಟುವುದು, ಅದನ್ನೂ ಅದರಿಂದ ಹೊರಡುವ ಬಾಣಗಳನ್ನೂ ಅಳಿಸುವುದು, ಮತ್ತೆ ಅದೇ ಕೆಲಸ. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಟೊಪೊಲಾಜಿಕಲ್ ಸಾರ್ಟ್ ಎಂದು ಹೆಸರು. ಯುನಿಕ್ಸ್‌ನಲ್ಲಿ ಇದಕ್ಕೆಂದೇ 'ಟಿಸಾರ್ಟ್' ಎಂಬ ಪುಟ್ಟ ಆದೇಶ ಹುಟ್ಟಿತು. ಹಳೆಯ ಲಿಂಕರ್‌ಗಳು ಲೈಬ್ರರಿಯ ಕಡತಗಳನ್ನು ತಲೆಯಿಂದ ಬುಡದವರೆಗೆ ಒಂದೇ ಬಾರಿ ಓದುತ್ತಿದ್ದುದರಿಂದ ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಡಬೇಕಿತ್ತು. ಇಂದಿಗೂ ಕೋರ್‌ಯುಟಿಲ್ಸ್ ಪ್ಯಾಕೇಜಿನ ಜೊತೆ ಟಿಸಾರ್ಟ್ ಬರುತ್ತದೆ. 'ಜಿಎಂಪಿ ಎಂಪಿಎಫ್‌ಆರ್', 'ಎಂಪಿಎಫ್‌ಆರ್ ಎಂಪಿಸಿ', 'ಎಂಪಿಸಿ ಜಿಸಿಸಿ' ಎಂದು ಜೋಡಿಜೋಡಿಯಾಗಿ ಬರೆದು ಕೊಟ್ಟರೆ ಅದು ನಾಲ್ಕನ್ನೂ ಕಟ್ಟಬೇಕಾದ ಸಾಲಿನಲ್ಲಿ ನಿಲ್ಲಿಸಿ ಕೊಡುತ್ತದೆ. ತನಗೆ ಬೇಕಾದ ಪಟ್ಟಿಯನ್ನು ತಾನೇ ರೂಪಿಸುವವರು ಮೊದಲ ದಿನವೇ ಇದನ್ನೊಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಒಂದೇ ಸರಿಯುತ್ತರ ಎಂಬುದಿಲ್ಲ ಎಂಬುದೂ ಆಗ ಗೊತ್ತಾಗುತ್ತದೆ. ಒಂದಕ್ಕೊಂದು ಬಾಣವಿಲ್ಲದ ಪ್ಯಾಕೇಜುಗಳು ಹಿಂದುಮುಂದಾದರೆ ತೊಂದರೆಯಿಲ್ಲ, ಅವನ್ನು ಏಕಕಾಲಕ್ಕೆ ಕಟ್ಟಲೂಬಹುದು.

ತೊಡಕು ಇರುವುದು ಬಾಣಗಳು ಸುತ್ತಿ ಬಂದು ತಮ್ಮ ಬಾಲವನ್ನೇ ಹಿಡಿದಾಗ. ಅಂಥ ಕಡೆ ಟಿಸಾರ್ಟ್ 'ಸುರುಳಿ ಇದೆ' ಎಂದು ಹೇಳುತ್ತದೆ, ಬಿಡಿಸುವ ಬಗೆಯನ್ನು ಹೇಳುವುದಿಲ್ಲ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎನ್ನುವ ಗಾದೆಗೆ ಕಂಪ್ಯೂಟರ್ ಲೋಕದಲ್ಲಿ ಜಿಸಿಸಿ ಮತ್ತು ಜಿಲಿಬ್‌ಸಿಗಳಿಗಿಂತ ಒಪ್ಪುವ ಜೋಡಿ ಇಲ್ಲ. ಜಿಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಕಂಪೈಲ್ ಮಾಡಲು ಜಿಸಿಸಿ ಬೇಕು. ಜಿಸಿಸಿ ತಾನೂ ಒಂದು ಪ್ರೋಗ್ರಾಮಾದ್ದರಿಂದ ಅದು ಓಡಲು ಸಿ ಲೈಬ್ರರಿ ಬೇಕು. ಅಷ್ಟು ಸಾಲದೆಂಬಂತೆ ಅದರ ಭಾಗವೇ ಆದ ಸಿ++ ಲೈಬ್ರರಿಯನ್ನು ಕಟ್ಟುವುದಕ್ಕೂ ಅದೇ ಬೇಕು.

ಸುರುಳಿಯನ್ನು ಬಿಡಿಸಲು ಇರುವ ಉಪಾಯ ಒಂದೇ: ಒಂದೇ ಪ್ಯಾಕೇಜನ್ನು ಎರಡು ಸಲ ಕಟ್ಟುವುದು, ಮೊದಲ ಸಲ ಅರೆಬರೆಯಾಗಿ. ಎಲ್‌ಎಫ್‌ಎಸ್‌ನ ಮೊದಲ ಐದು ಹೆಜ್ಜೆಗಳು ಇದರ ಪಾಠದಂತಿವೆ. ಎಲ್ಲಕ್ಕಿಂತ ಮೊದಲು ಬೈನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್. ಜಿಸಿಸಿ ಮತ್ತು ಜಿಲಿಬ್‌ಸಿ ಎರಡೂ ತಮ್ಮ ಕಾನ್ಫಿಗರ್ ಹಂತದಲ್ಲಿ ಈ ಎರಡರ ಶಕ್ತಿಯನ್ನು ಪರೀಕ್ಷಿಸಿ, ತಮ್ಮೊಳಗಿನ ಯಾವ ಸೌಲಭ್ಯ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ನಿರ್ಧರಿಸುತ್ತವೆ. ಬೈನ್‌ಯುಟಿಲ್ಸ್ ಆಮೇಲೆ ಬಂದರೆ ಆ ನಿರ್ಧಾರಗಳೆಲ್ಲ ಆತಿಥೇಯ ಗಣಕದ ಹಳೆಯ ಲಿಂಕರ್ ನೋಡಿ ಆದವಾಗಿರುತ್ತವೆ. ಎರಡನೆಯದು ಜಿಸಿಸಿಯ ಮೊದಲ ಸುತ್ತು: ಸಿ ಲೈಬ್ರರಿ ಇಲ್ಲ, ಅದರ ಹೆಡರ್‌ಗಳನ್ನು ಹುಡುಕುವುದು ಬೇಡ, ಥ್ರೆಡ್‌ಗಳು ಬೇಡ, ಹಂಚಿಕೊಳ್ಳುವ ಲೈಬ್ರರಿಗಳು ಬೇಡ, ಸಿ++ ಲೈಬ್ರರಿ ಸದ್ಯಕ್ಕೆ ಬೇಡ ಎಂದು ಒಂದೊಂದಾಗಿ ಕಿತ್ತು ಹಾಕಿ ಕಟ್ಟಿದ ಕಂಪೈಲರ್. ಮೂರನೆಯದು ಲಿನಕ್ಸ್ ಕರ್ನೆಲ್‌ನ ಹೆಡರ್ ಫೈಲುಗಳು. ಕರ್ನೆಲ್ ಕಂಪೈಲ್ ಆಗುವುದು ಕಟ್ಟೋಣದ ಕಟ್ಟಕಡೆಗೆ, ಹೆಡರ್‌ಗಳು ಬೇಕಾಗುವುದು ಶುರುವಿಗೇ. ಸಿ ಲೈಬ್ರರಿ ಕರ್ನೆಲ್ ಜೊತೆ ಆಡಬೇಕಾದ ಭಾಷೆ ಅವುಗಳಲ್ಲಿದೆ. ನಾಲ್ಕನೆಯದು ಜಿಲಿಬ್‌ಸಿ. ಐದನೆಯದು, ಮೊದಲು ಬದಿಗಿಟ್ಟಿದ್ದ ಸಿ++ ಲೈಬ್ರರಿ. ಅದಕ್ಕಾಗಿ ಜಿಸಿಸಿಯ ಸೋರ್ಸನ್ನು ಮತ್ತೊಮ್ಮೆ ಬಿಚ್ಚಿ ಅಷ್ಟು ಭಾಗವನ್ನು ಮಾತ್ರ ಕಟ್ಟಲಾಗುತ್ತದೆ.

ಹೀಗೆ ಅರೆಬರೆಯಾಗಿ ಕಟ್ಟಿದ್ದರ ಗುರುತು ಹಿಂದೆ ಉಳಿಯದೆ ಇರುವುದಿಲ್ಲ. ಜಿಸಿಸಿ ತಾನು ಕಟ್ಟಲ್ಪಡುವಾಗ ವ್ಯವಸ್ಥೆಯಲ್ಲಿ 'ಲಿಮಿಟ್ಸ್.ಎಚ್' ಎಂಬ ಹೆಡರ್ ಇದೆಯೇ ಎಂದು ನೋಡುತ್ತದೆ. ಜಿಲಿಬ್‌ಸಿ ಇನ್ನೂ ಬಂದಿಲ್ಲವಾದ್ದರಿಂದ ಆ ಫೈಲು ಇರುವುದಿಲ್ಲ, ಜಿಸಿಸಿ ತನ್ನದೇ ಆದ ಮೊಟಕು ಪ್ರತಿಯನ್ನು ಇಟ್ಟುಬಿಡುತ್ತದೆ. ಮುಂದಿನ ಹಂತಗಳಿಗೆ ಅದು ಸಾಲದು. ಅದಕ್ಕೇ ಎಲ್‌ಎಫ್‌ಎಸ್ ಪುಸ್ತಕ, ಜಿಸಿಸಿಯ ಸೋರ್ಸಿನಲ್ಲೇ ಇರುವ ಮೂರು ತುಂಡುಗಳನ್ನು ಕ್ಯಾಟ್ ಆದೇಶದಿಂದ ಒಂದಾಗಿಸಿ ಪೂರ್ಣ ಪ್ರತಿಯನ್ನು ಕೈಯಾರೆ ಮಾಡಿಸುತ್ತದೆ. ಆ ಸಾಲಿನ ಅರ್ಥ ತಿಳಿಯದೆ ಅದನ್ನು ಬಿಟ್ಟು ಮುಂದೆ ಹೋಗುವವರು ಕಡಿಮೆಯಿಲ್ಲ.

ಇಲ್ಲಿ ಬಳಕೆಯಾಗುವ ಇನ್ನೊಂದು ಯುಕ್ತಿಯೂ ಸೊಗಸಾದದ್ದು. ಕಟ್ಟುವ ಯಂತ್ರ ಮತ್ತು ಓಡುವ ಯಂತ್ರ ಎರಡೂ ಒಂದೇ ಆಗಿದ್ದರೂ, ಎಲ್‌ಎಫ್‌ಎಸ್ ಅವನ್ನು ಬೇರೆಬೇರೆ ಎಂದು ನಂಬಿಸುತ್ತದೆ. ಯಂತ್ರದ ಹೆಸರಿನ ನಡುಭಾಗದಲ್ಲಿ ಸಾಮಾನ್ಯವಾಗಿ 'ಪಿಸಿ' ಎಂದಿರುವ ಕಡೆ 'ಎಲ್‌ಎಫ್‌ಎಸ್' ಎಂದು ಬದಲಿಸಿದರೆ ಸಾಕು, ಕಾನ್ಫಿಗರ್ ಸ್ಕ್ರಿಪ್ಟುಗಳು ಇದು ಬೇರೆ ಯಂತ್ರಕ್ಕಾಗಿ ಮಾಡುತ್ತಿರುವ ಕ್ರಾಸ್ ಕಂಪೈಲ್ ಎಂದು ತಿಳಿದು ಆತಿಥೇಯ ವ್ಯವಸ್ಥೆಯ ಲೈಬ್ರರಿಗಳತ್ತ ಕಣ್ಣು ಹಾಯಿಸುವುದನ್ನು ಬಿಡುತ್ತವೆ. 2020ರ 10.0 ಆವೃತ್ತಿಯಿಂದ ತಾತ್ಕಾಲಿಕ ಹಂತದ ಬಹುಪಾಲು ಈ ದಾರಿ ಹಿಡಿದಿದೆ.

ಇದಕ್ಕೂ ಹಿಂದೆ ತಾತ್ಕಾಲಿಕ ಸಾಧನಗಳೆಲ್ಲ 'ಟೂಲ್ಸ್' ಎಂಬ ಪ್ರತ್ಯೇಕ ಡೈರೆಕ್ಟರಿಯಲ್ಲಿ ಇರುತ್ತಿದ್ದವು. ಎರಡನೆಯ ಪ್ರಶ್ನೆಯ ತೂಕ ಎಷ್ಟೆಂಬುದು ಆ ಕಾಲದ ಅನುಭವದಿಂದ ಗೊತ್ತಾಗುತ್ತದೆ. ಹಲವು ಪ್ರೋಗ್ರಾಮುಗಳು ತಮಗೆ ಬೇಕಾದ ಇನ್ನೊಂದು ಪ್ರೋಗ್ರಾಮಿನ ಪೂರ್ಣ ವಿಳಾಸವನ್ನು ಕಂಪೈಲ್ ಹೊತ್ತಿನಲ್ಲೇ ತಮ್ಮೊಳಗೆ ಬರೆದುಕೊಳ್ಳುತ್ತವೆ. ಲಿಬ್‌ಟೂಲ್ ಎಂಬ ಸ್ಕ್ರಿಪ್ಟ್ ಸೆಡ್ ಮತ್ತು ಗ್ರೆಪ್ ಎಲ್ಲಿವೆ ಎಂದು ಹುಡುಕಿ ಆ ದಾರಿಯನ್ನು ಕಾಯಂ ಆಗಿ ಇಟ್ಟುಕೊಳ್ಳುತ್ತದೆ. ಅಂತಿಮ ಸೆಡ್ ಕಟ್ಟುವ ಮೊದಲೇ ಲಿಬ್‌ಟೂಲ್ ಕಟ್ಟಿದರೆ ಅದು ನೆಚ್ಚಿಕೊಳ್ಳುವುದು ಟೂಲ್ಸ್ ಡೈರೆಕ್ಟರಿಯ ಸೆಡ್ಡನ್ನು. ಕಟ್ಟೋಣ ಮುಗಿದು ಆ ಡೈರೆಕ್ಟರಿಯನ್ನು ಅಳಿಸಿದ ದಿನ ಲಿಬ್‌ಟೂಲ್ ಕೈಕೊಡುತ್ತದೆ. ಬ್ಯಾಷ್, ಕ್ಯಾಟ್, ಪರ್ಲ್ ಮುಂತಾದವುಗಳಿಗೆ ಅಂತಿಮ ಜಾಗದಲ್ಲಿ ಮೊದಲೇ ಸಾಂಕೇತಿಕ ಕೊಂಡಿಗಳನ್ನು ಇಟ್ಟು, ವಿಳಾಸ ಈಗಿನಿಂದಲೇ ಸರಿಯಾಗಿ ಅಚ್ಚಾಗಲಿ ಎಂದು ಆ ಪುಸ್ತಕ ನೋಡಿಕೊಳ್ಳುತ್ತಿತ್ತು. ಈಗಿನ ವಿಧಾನದಲ್ಲಿ ತಾತ್ಕಾಲಿಕ ಸಾಧನಗಳು ಮೊದಲಿಗೇ ತಮ್ಮ ಅಂತಿಮ ವಿಳಾಸದಲ್ಲಿ ಕೂರುವುದರಿಂದ ಈ ಕಾಟ ಬಹುಮಟ್ಟಿಗೆ ತಪ್ಪಿದೆ. ಆದರೂ ಸ್ವಂತ ಸರದಿ ರೂಪಿಸುವವರು, ಸ್ವಂತ ಡೈರೆಕ್ಟರಿ ವ್ಯವಸ್ಥೆ ಇಟ್ಟುಕೊಳ್ಳುವವರು ಇದನ್ನು ಮರೆಯುವಂತಿಲ್ಲ.

ಕ್ರಾಸ್ ಕಂಪೈಲರ್ ಕೈಗೆ ಬಂದ ಮೇಲಿನ ತಾತ್ಕಾಲಿಕ ಸಾಧನಗಳ ಸಾಲು ಅಷ್ಟೇನೂ ಬಿಗಿಯಲ್ಲ. ಬ್ಯಾಷ್‌ಗಿಂತ ಮೊದಲು ಎನ್‌ಕರ್ಸಸ್ ಇರಬೇಕು, ಬೈನ್‌ಯುಟಿಲ್ಸ್ ಮತ್ತು ಜಿಸಿಸಿಗಳ ಎರಡನೆಯ ಸುತ್ತು ಕೊನೆಗಿರಬೇಕು. ಎನ್‌ಕರ್ಸಸ್‌ನಲ್ಲಿ ಒಂದು ಸ್ವಾರಸ್ಯವಿದೆ: ಅದರ ಟರ್ಮಿನಲ್ ಮಾಹಿತಿಕೋಶವನ್ನು ತಯಾರಿಸುವುದು ಅದರದೇ ಭಾಗವಾದ 'ಟಿಕ್' ಎಂಬ ಪ್ರೋಗ್ರಾಮು. ಹೊಸ ವ್ಯವಸ್ಥೆಗೆಂದು ಕಟ್ಟಿದ ಟಿಕ್ ಆತಿಥೇಯದಲ್ಲಿ ಓಡಬೇಕೆಂಬ ನಿಯಮವಿಲ್ಲ. ಹಾಗಾಗಿ ಎನ್‌ಕರ್ಸಸ್ ಕಟ್ಟುವ ಮುನ್ನ ಅದೇ ಸೋರ್ಸಿನಿಂದ ಆತಿಥೇಯಕ್ಕೊಂದು ಟಿಕ್ ಕಟ್ಟಿಕೊಳ್ಳಬೇಕಾಗುತ್ತದೆ. ಫೈಲ್ ಎಂಬ ಪ್ಯಾಕೇಜಿನ ಕತೆಯೂ ಇದೇ. ಪರ್ಲ್, ಪೈಥಾನ್‌ಗಳಂಥವನ್ನು ಕ್ರಾಸ್ ಕಂಪೈಲ್ ಮಾಡುವುದು ತಲೆನೋವಿನ ಕೆಲಸ. ಅವನ್ನು ಸಿರೂಟ್ ಮೂಲಕ ಹೊಸ ವ್ಯವಸ್ಥೆಯೊಳಗೆ ಕಾಲಿಟ್ಟ ಮೇಲೆಯೇ ತಾತ್ಕಾಲಿಕವಾಗಿ ಕಟ್ಟುತ್ತಾರೆ, ಏಕೆಂದರೆ ಅಂತಿಮ ಜಿಲಿಬ್‌ಸಿಗೆ ಅವು ಬೇಕೇ ಬೇಕು. 2018ರ 2.28 ಆವೃತ್ತಿಯಿಂದ ಜಿಲಿಬ್‌ಸಿ ಬೈಸನ್ ಕೇಳುತ್ತದೆ, 2019ರ 2.29ರಿಂದ ಪೈಥಾನ್ 3 ಕೇಳುತ್ತದೆ. ಹತ್ತು ವರ್ಷದ ಹಿಂದಿನ ಸರದಿಯನ್ನು ಇಂದಿನ ಸೋರ್ಸುಗಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಅಂತಿಮ ಹಂತದಲ್ಲಿ ಜಿಲಿಬ್‌ಸಿ ಮುಂದೆ ನಿಲ್ಲುವುದು ಸಹಜ, ಉಳಿದವೆಲ್ಲ ಅದಕ್ಕೇ ಜೋಡಣೆಯಾಗುತ್ತವೆ. ಝಡ್‌ಲಿಬ್ ಮೊದಲಾದ ಸಂಕೋಚನ ಲೈಬ್ರರಿಗಳು ಅದರ ಬೆನ್ನಿಗೇ ಬರುತ್ತವೆ. ಬೈನ್‌ಯುಟಿಲ್ಸ್ ಮತ್ತು ಜಿಸಿಸಿ ತಮ್ಮೊಳಗಿನ ಪ್ರತಿಯನ್ನು ಬಿಟ್ಟು ವ್ಯವಸ್ಥೆಯ ಝಡ್‌ಲಿಬ್ ಬಳಸಲಿ ಎಂಬುದು ಉದ್ದೇಶ. ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರೂ ಜಿಸಿಸಿಯ ಲೆಕ್ಕದ ಲೈಬ್ರರಿಗಳು, ಅವುಗಳ ಕ್ರಮ ಬದಲಾಗುವಂತಿಲ್ಲ. ಬಳಕೆದಾರರ ಗುಪ್ತಪದಗಳನ್ನು ನೋಡಿಕೊಳ್ಳುವ ಶ್ಯಾಡೋಗೆ ಹಿಂದೆ ಜಿಲಿಬ್‌ಸಿಯೊಳಗಿನ ಕ್ರಿಪ್ಟ್ ಲೈಬ್ರರಿಯೇ ಸಾಕಾಗುತ್ತಿತ್ತು. 2023ರ 2.38 ಆವೃತ್ತಿಯಲ್ಲಿ ಜಿಲಿಬ್‌ಸಿ ಅದನ್ನು ತಾನಾಗಿ ಕಟ್ಟುವುದನ್ನು ನಿಲ್ಲಿಸಿತು, ಲಿಬ್‌ಎಕ್ಸ್‌ಕ್ರಿಪ್ಟ್ ಎಂಬ ಹೊಸ ಹೆಸರು ಶ್ಯಾಡೋದ ಮುಂದೆ ಸಾಲಿಗೆ ಸೇರಿತು. ಮೆಸನ್‌ಗೆ ಮೊದಲು ನಿಂಜಾ, ಪೈಥಾನ್ ಎರಡೂ ಬೇಕು. ಪೈಥಾನ್ ಮಾಡ್ಯೂಲುಗಳಲ್ಲಿ ಫ್ಲಿಟ್-ಕೋರ್ ಮೊದಲು ಬರುತ್ತದೆ, ತನ್ನನ್ನು ತಾನೇ ಕಟ್ಟಿಕೊಳ್ಳಬಲ್ಲುದು ಎಂಬ ಕಾರಣಕ್ಕೆ. ಉಳಿದ ಬಹಳಷ್ಟು ಪ್ಯಾಕೇಜುಗಳು ಎಲ್ಲಿ ಬಂದರೂ ಆದೀತು.

ಇನ್ನು ಸದ್ದಿಲ್ಲದ ತಪ್ಪುಗಳ ಮಾತು. ಪೈಥಾನ್ ಕಂಪೈಲ್ ಆಗುವಾಗ ಓಪನ್‌ಎಸ್‌ಎಸ್‌ಎಲ್ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. 'ಎಸ್‌ಎಸ್‌ಎಲ್' ಮಾಡ್ಯೂಲನ್ನು ಕೈಬಿಟ್ಟು, ಪರದೆಯ ಮೇಲೆ ಓಡಿಹೋಗುವ ಸಾವಿರಾರು ಸಾಲುಗಳ ನಡುವೆ ಒಂದು ಸಣ್ಣ ಸೂಚನೆ ಕೊಟ್ಟು, ಯಶಸ್ವಿಯಾಗಿ ಮುಗಿಯುತ್ತದೆ. ಲಿಬ್‌ಎಫ್‌ಎಫ್‌ಐ ಇಲ್ಲದಿದ್ದರೆ 'ಸಿಟೈಪ್ಸ್' ಮಾಡ್ಯೂಲಿಗೂ ಅದೇ ಗತಿ. ಮುಂದೊಂದು ದಿನ ಪಿಪ್ ಎಚ್‌ಟಿಟಿಪಿಎಸ್ ಮೂಲಕ ಏನನ್ನೂ ತರಲಾರದೆ ಕುಳಿತಾಗ ಅನುಮಾನ ಹೋಗುವುದು ನೆಟ್‌ವರ್ಕಿನ ಮೇಲೆ, ಸರದಿಯ ಮೇಲಲ್ಲ. ಈ ಎರಡೂ ಲೈಬ್ರರಿಗಳನ್ನು ಎಲ್‌ಎಫ್‌ಎಸ್ ಪೈಥಾನಿನ ಮುಂದೆ ಇಟ್ಟಿರುವುದು ಇದಕ್ಕಾಗಿ.

ಕನ್ನಡ ಬಳಸುವವರಿಗೆ ನೇರವಾಗಿ ತಟ್ಟುವ ಉದಾಹರಣೆ ಇಮೇಜ್‌ಮ್ಯಾಜಿಕ್‌ನದು. ಚಿತ್ರದ ಮೇಲೆ ಅಕ್ಷರ ಬರೆಯಲು ಅದು ಫ್ರೀಟೈಪ್ ಬಳಸುತ್ತದೆ. ಆದರೆ ಒತ್ತಕ್ಷರ, ಗುಣಿತಗಳನ್ನು ಸೇರಿಸಿ ಸರಿಯಾದ ಆಕಾರ ಕೊಡುವ ಕೆಲಸ ಹಾರ್ಫ್‌ಬಜ್‌ನದು, ಇಮೇಜ್‌ಮ್ಯಾಜಿಕ್ ಅದನ್ನು ಮುಟ್ಟುವುದು ರಾಕ್ಮ್ ಎಂಬ ಐಚ್ಛಿಕ ಲೈಬ್ರರಿಯ ಮೂಲಕ. ರಾಕ್ಮ್ ಇಲ್ಲದ ಹೊತ್ತಿನಲ್ಲಿ ಕಟ್ಟಿದ ಇಮೇಜ್‌ಮ್ಯಾಜಿಕ್ ಇಂಗ್ಲಿಷನ್ನು ತಪ್ಪಿಲ್ಲದೆ ಬರೆಯುತ್ತದೆ. ಅದಕ್ಕೆ 'ಸ್ತ್ರೀ' ಎಂಬ ಪದ ಕೊಟ್ಟರೆ ಸಕಾರ, ತಕಾರ, ರಕಾರಗಳು ಒತ್ತಾಗದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಫಾಂಟ್ ಸರಿಯಿಲ್ಲ ಎಂದು ಫಾಂಟ್ ಬದಲಿಸುತ್ತಾ ಕೂರುವುದು ಇಲ್ಲಿ ವ್ಯರ್ಥ. ಹಾರ್ಫ್‌ಬಜ್, ರಾಕ್ಮ್ ಆದ ಮೇಲೆ ಇಮೇಜ್‌ಮ್ಯಾಜಿಕ್ ಮತ್ತೆ ಕಟ್ಟಬೇಕು. ಇಂಗ್ಲಿಷ್ ಮಾತ್ರ ಪರೀಕ್ಷಿಸಿ ಬರೆದ ಸರದಿಗಳಲ್ಲಿ ಈ ದೋಷ ಹಾಗೆಯೇ ಉಳಿದುಬಿಡುತ್ತದೆ ಎಂಬುದನ್ನು ಕರ್ನಾಟಕದ ಬಳಗಗಳು ವಿಶೇಷವಾಗಿ ಗಮನಿಸಬೇಕು.

ಹಾರ್ಫ್‌ಬಜ್‌ನ ಸುತ್ತ ಒಂದು ಸುರುಳಿಯೂ ಇದೆ. ಅದಕ್ಕೆ ಫ್ರೀಟೈಪ್ ಬೇಕು. ಫ್ರೀಟೈಪ್ ತನ್ನ ಪೂರ್ಣ ಸಾಮರ್ಥ್ಯಕ್ಕೆ ಹಾರ್ಫ್‌ಬಜ್ ಬಯಸುತ್ತದೆ. ಎಲ್‌ಎಫ್‌ಎಸ್‌ನ ಮುಂದುವರಿಕೆಯಾದ ಬಿಎಲ್‌ಎಫ್‌ಎಸ್ ಪುಸ್ತಕ ಹೇಳುವ ದಾರಿ: ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪ್, ಆಮೇಲೆ ಹಾರ್ಫ್‌ಬಜ್, ಕೊನೆಗೆ ಮತ್ತೊಮ್ಮೆ ಫ್ರೀಟೈಪ್. ಲಾಗಿನ್ ವ್ಯವಸ್ಥೆಗೆ ಪ್ಯಾಮ್ ಸೇರಿಸಿದವರು ಶ್ಯಾಡೋ ಪ್ಯಾಕೇಜನ್ನು ಮರಳಿ ಕಟ್ಟಲೇಬೇಕೆಂಬ ಸೂಚನೆಯೂ ಅಲ್ಲಿದೆ. ಹಿಂದೆ ಕಟ್ಟಿದ ಶ್ಯಾಡೋಗೆ ಪ್ಯಾಮ್ ಎಂಬುದೊಂದಿದೆ ಎಂದೇ ಗೊತ್ತಿರುವುದಿಲ್ಲ.

ಹೊಂಚಿ ಕೂತ ಇಂಥ ಅವಲಂಬನೆಗಳಿಗೆ ಮದ್ದು ಕಾನ್ಫಿಗರ್ ಹಂತದಲ್ಲಿ ಸ್ಪಷ್ಟವಾಗಿ ಮಾತಾಡುವುದು. ಬೇಕಾದದ್ದನ್ನು ಬೇಕೆಂದೂ ಬೇಡದ್ದನ್ನು ಬೇಡವೆಂದೂ ಹೆಸರಿಟ್ಟು ಹೇಳಿದರೆ, ಬೇಕೆಂದದ್ದು ಸಿಗದಾಗ ಹೆಚ್ಚಿನ ಪ್ಯಾಕೇಜುಗಳು ಅಲ್ಲೇ ನಿಲ್ಲುತ್ತವೆ. ತಾನಾಗಿ ಹುಡುಕಿಕೊಳ್ಳಲು ಬಿಟ್ಟರೆ ಅದೇ ಸೋರ್ಸ್, ಅದೇ ಆದೇಶ, ಬೇರೆ ಸರದಿ ಎಂದಾದಾಗ ಬೇರೆಯೇ ಪ್ರೋಗ್ರಾಮು ಹುಟ್ಟುತ್ತದೆ. ಕಟ್ಟಿದ ಮೇಲೆ 'ಕಾನ್ಫಿಗ್.ಲಾಗ್' ಓದುವುದು, 'ರೀಡೆಲ್ಫ್' ಬಳಸಿ ಯಾವ ಲೈಬ್ರರಿಗಳು ಜೋಡಣೆಯಾಗಿವೆ ಎಂದು ನೋಡುವುದು ಎರಡು ನಿಮಿಷದ ಕೆಲಸ. ತಪ್ಪು ಹೊರಬೀಳುವುದು ತಡವಾದರೆ ಆಗುವ ನಷ್ಟದ ಅಂದಾಜು ಎಲ್‌ಎಫ್‌ಎಸ್‌ನ ಅಳತೆಯಲ್ಲೇ ಸಿಗುತ್ತದೆ. ಬೈನ್‌ಯುಟಿಲ್ಸ್‌ನ ಮೊದಲ ಸುತ್ತಿಗೆ ಹಿಡಿಯುವ ಸಮಯಕ್ಕೆ ಒಂದು ಎಸ್‌ಬಿಯು ಎಂದು ಹೆಸರು. ಪರೀಕ್ಷೆಗಳನ್ನೂ ಸೇರಿಸಿದರೆ ಅಂತಿಮ ಜಿಸಿಸಿಗೆ ಅದರ ಹತ್ತಾರು ಪಟ್ಟು ಬೇಕು.

ಸೋರ್ಸನ್ನು ಎಲ್ಲಿಂದ ತಂದದ್ದು ಎಂಬುದೂ ಸರದಿಯನ್ನು ಬದಲಿಸುತ್ತದೆ. ಎಲ್‌ಎಫ್‌ಎಸ್‌ನಲ್ಲಿ ಆಟೋಕಾನ್ಫ್ ಬರುವುದು ಅರ್ಧ ದಾರಿ ಕಳೆದ ಮೇಲೆ, ಆದರೆ ಅದಕ್ಕೂ ಮೊದಲೇ ಡಜನ್‌ಗಟ್ಟಲೆ ಕಾನ್ಫಿಗರ್ ಸ್ಕ್ರಿಪ್ಟುಗಳು ಓಡಿರುತ್ತವೆ. ಬಿಡುಗಡೆಯ ಟಾರ್ ಕಡತಗಳಲ್ಲಿ ಆ ಸ್ಕ್ರಿಪ್ಟುಗಳು ಸಿದ್ಧವಾಗಿಯೇ ಬರುವುದರಿಂದ ಇದು ಸಾಧ್ಯ. ಗಿಟ್‌ನಿಂದ ನೇರವಾಗಿ ತಂದ ಸೋರ್ಸಿನಲ್ಲಿ ಅವು ಇರುವುದಿಲ್ಲ, ಆಗ ಎಂ4, ಪರ್ಲ್, ಆಟೋಕಾನ್ಫ್, ಆಟೋಮೇಕ್ ನಾಲ್ಕೂ ಸಾಲಿನ ಮುಂದಕ್ಕೆ ಬರಬೇಕು. ಇದು ಬರೀ ಅನುಕೂಲದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣದಲ್ಲಿ, 5.6.0 ಮತ್ತು 5.6.1 ಆವೃತ್ತಿಗಳ ಟಾರ್ ಕಡತಗಳಲ್ಲಿದ್ದ ದುಷ್ಟ ಎಂ4 ಸಾಲುಗಳು ಗಿಟ್‌ನ ಸೋರ್ಸಿನಲ್ಲಿ ಇರಲಿಲ್ಲ. ಸಿದ್ಧ ಸ್ಕ್ರಿಪ್ಟುಗಳನ್ನು ನಂಬದೆ ತಾವೇ ಹುಟ್ಟಿಸಿಕೊಳ್ಳುವವರು ಅದಕ್ಕೆ ತಕ್ಕಂತೆ ಉದ್ದವಾದ ಸರದಿಯನ್ನು ಒಪ್ಪಿಕೊಂಡಿರಬೇಕು.

ತಮ್ಮದೇ ಭಾಷೆಯಲ್ಲಿ ಬರೆದ ಕಂಪೈಲರ್‌ಗಳದು ಇನ್ನೂ ಉದ್ದದ ಸರಪಳಿ. ಜಿಸಿಸಿ 4.8ರಿಂದ ಸಿ++ ಕಂಪೈಲರ್ ಇಲ್ಲದೆ ಕಟ್ಟಲಾಗದು. ಬರೀ ಸಿ ಕಂಪೈಲರ್‌ನಿಂದ ಕಟ್ಟಬಹುದಾದ ಕೊನೆಯದು 4.7. ಗೋ ಭಾಷೆಯ ಕಂಪೈಲರ್ 1.4ರವರೆಗೆ ಸಿಯಲ್ಲಿತ್ತು, 2015ರ 1.5ರಿಂದ ಗೋನಲ್ಲೇ ಇದೆ. ಅದರ 1.20ಕ್ಕೆ 1.17 ಬೇಕು, 1.22ಕ್ಕೆ 1.20 ಬೇಕು. ಹೀಗಾಗಿ ಇಂದಿನ ಗೋ ಬೇಕೆಂದರೆ ಹಳೆಯ ಗೋಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ಬರಬೇಕು, ಇಲ್ಲವೇ ಯಾರೋ ಕಟ್ಟಿದ ಬೈನರಿಯನ್ನು ನಂಬಬೇಕು. ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟಿಸಿದ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಎತ್ತಿದ ಪ್ರಶ್ನೆ ಇಂಥ ನಂಬಿಕೆಯ ಬಗ್ಗೆಯೇ ಇತ್ತು: ಸೋರ್ಸಿನಲ್ಲಿ ಕಾಣದ ಕೇಡು ಕಂಪೈಲರ್ ಬೈನರಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಬಲ್ಲದು. ಗ್ನೂ ಗೀಕ್ಸ್ ಯೋಜನೆ 2023ರಲ್ಲಿ ಇದಕ್ಕೆ ಕೊಟ್ಟ ಉತ್ತರದಲ್ಲಿ ಸರದಿಯ ಬುಡದಲ್ಲಿರುವುದು ಕೇವಲ 357 ಬೈಟ್‌ಗಳ ಒಂದು ಬೈನರಿ. ಅದರಿಂದ ಸಣ್ಣ ಅಸೆಂಬ್ಲರ್‌ಗಳು, ಅವುಗಳಿಂದ ಮೆಸ್ ಎಂಬ ಪುಟ್ಟ ಸಿ ಕಂಪೈಲರ್, ಅದರಿಂದ ಟಿಸಿಸಿ, ಅಲ್ಲಿಂದ ಹಳೆಯ ಜಿಸಿಸಿ, ಕೊನೆಗೆ ಹೊಸ ಜಿಸಿಸಿ. ಎಲ್‌ಎಫ್‌ಎಸ್ ಕಟ್ಟುವವರಿಗೆ ಅಷ್ಟು ಆಳಕ್ಕೆ ಇಳಿಯುವ ಅಗತ್ಯವಿಲ್ಲ, ಆತಿಥೇಯದ ಕಂಪೈಲರನ್ನು ನಂಬಿ ಹೊರಟಿದ್ದೇವೆ ಎಂಬ ಅರಿವಿದ್ದರೆ ಸಾಕು.

ಈ ಲೆಕ್ಕವನ್ನೆಲ್ಲ ಯಂತ್ರಕ್ಕೇ ಒಪ್ಪಿಸುವ ಸಾಧನಗಳೂ ಇವೆ. ಜೆಂಟೂದ ಪೋರ್ಟೇಜ್ ಸರದಿಯನ್ನು ತಾನೇ ಹಾಕುತ್ತದೆ. ಸುರುಳಿ ಎದುರಾದರೆ ಯಾವ ಯೂಸ್ ಫ್ಲ್ಯಾಗನ್ನು ತಾತ್ಕಾಲಿಕವಾಗಿ ತೆಗೆದರೆ ಬಿಡುತ್ತದೆ ಎಂದು ಸಲಹೆ ಕೊಡುತ್ತದೆ, ಅಂದರೆ ಮತ್ತದೇ ಎರಡು ಸುತ್ತಿನ ಉಪಾಯ. ಡೆಬಿಯನ್ ಇದನ್ನೇ ಬಿಲ್ಡ್ ಪ್ರೊಫೈಲ್ ಎಂಬ ಹೆಸರಿನಲ್ಲಿ ಪ್ಯಾಕೇಜಿನ ವಿವರಣೆಯೊಳಗೇ ಬರೆದಿಡುತ್ತದೆ: ಪರೀಕ್ಷೆಗಳನ್ನು ಬಿಟ್ಟು ಕಟ್ಟುವಾಗ ಯಾವ ಅವಲಂಬನೆ ಬೇಡ, ಮೊದಲ ಸುತ್ತಿನಲ್ಲಿ ಯಾವುದು ಬೇಡ ಎಂದು. ಯಾಕ್ಟೋದ ಬಿಟ್‌ಬೇಕ್ ಪ್ಯಾಕೇಜಿಗಿಂತ ಸಣ್ಣ ಘಟಕಗಳಲ್ಲಿ ಯೋಚಿಸುತ್ತದೆ. ಒಂದು ಪ್ಯಾಕೇಜಿನ ಕಾನ್ಫಿಗರ್ ಹಂತ ಕಾಯುವುದು ಅದಕ್ಕೆ ಬೇಕಾದವುಗಳ ಹೆಡರ್ ಮತ್ತು ಲೈಬ್ರರಿಗಳು ಸಿಸ್‌ರೂಟ್‌ಗೆ ಬಂದು ಸೇರುವುದನ್ನು ಮಾತ್ರ. ಪುಸ್ತಕದ ಆದೇಶಗಳನ್ನು ಹೆಕ್ಕಿ ಮೇಕ್‌ಫೈಲ್ ಮಾಡಿಕೊಡುವ ಜೆಎಚ್‌ಎಎಲ್‌ಎಫ್‌ಎಸ್ ಎಲ್‌ಎಫ್‌ಎಸ್‌ನದೇ ಸಾಧನ. ಕಲಿಯುವ ಉದ್ದೇಶದವರು ಕಡೇಪಕ್ಷ ಒಮ್ಮೆ ಅದನ್ನು ಬದಿಗಿಟ್ಟು ಕೈಯಲ್ಲೇ ಕಟ್ಟುವುದು ಒಳ್ಳೆಯದು, ಇಲ್ಲದಿದ್ದರೆ ಮೇಲಿನ ಕಾರಣಗಳು ಮೇಕ್‌ಫೈಲ್‌ನ ಹಿಂದೆ ಮರೆಯಾಗುತ್ತವೆ.

ವ್ಯವಸ್ಥೆ ಎದ್ದು ನಿಂತ ಮೇಲೂ ಸರದಿಯ ಪ್ರಶ್ನೆ ಮರಳಿ ಬರುವುದು ಹೊಸ ಆವೃತ್ತಿಗಳಿಗೆ ಹೋಗುವಾಗ. ಲೈಬ್ರರಿಯ ಹೆಸರಿನ ಕೊನೆಯ ಸಂಖ್ಯೆ ಬದಲಾಗದಿದ್ದರೆ ಸಾಮಾನ್ಯವಾಗಿ ಬೇರೇನನ್ನೂ ಮುಟ್ಟಬೇಕಿಲ್ಲ. 2021ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1ರಿಂದ 3.0ಕ್ಕೆ ಹೋದಾಗ ಆದಂತೆ ಅದು ಬದಲಾದರೆ, ಅದಕ್ಕೆ ಜೋಡಣೆಯಾದ ಪೈಥಾನ್, ಕರ್ಲ್, ಓಪನ್‌ಎಸ್‌ಎಸ್‌ಎಚ್ ಎಲ್ಲವನ್ನೂ ಮರಳಿ ಕಟ್ಟಬೇಕು. ಅಲ್ಲಿಯವರೆಗೆ ಹಳೆಯ ಲೈಬ್ರರಿಯನ್ನು ಅಳಿಸಬಾರದು, ಬೇಕಾದ ಸೋರ್ಸನ್ನು ಇಳಿಸಿಕೊಳ್ಳುವ ಪ್ರೋಗ್ರಾಮು ಕೂಡ ಅದನ್ನೇ ನೆಚ್ಚಿಕೊಂಡಿರುತ್ತದೆ. ಪೋರ್ಟೇಜ್ ಇಂಥ ಹಳೆಯ ಲೈಬ್ರರಿಗಳನ್ನು ತಾನೇ ಉಳಿಸಿಟ್ಟು, ಅವಲಂಬಿಗಳನ್ನೆಲ್ಲ ಮರಳಿ ಕಟ್ಟಿದ ಮೇಲಷ್ಟೇ ತೆಗೆಯುತ್ತದೆ. ಎಲ್‌ಎಫ್‌ಎಸ್‌ನಲ್ಲಿ ಆ ಲೆಕ್ಕ ಕಟ್ಟಿದವರದೇ. ಕರ್ನೆಲ್ ಬದಲಾದಾಗ ಮಾತ್ರ ಈ ಗೋಜಿಲ್ಲ. ಹೊಸ ಕರ್ನೆಲ್ ಕಟ್ಟಿ ಹಾಕಿಕೊಳ್ಳಬಹುದು, ಆದರೆ ಜಿಲಿಬ್‌ಸಿ ಯಾವ ಕರ್ನೆಲ್‌ನ ಹೆಡರ್‌ಗಳ ಮೇಲೆ ಕಂಪೈಲ್ ಆಗಿತ್ತೋ ಆ ಹೆಡರ್‌ಗಳೇ ಇದ್ದಲ್ಲಿ ಇರಬೇಕು, ಜಿಲಿಬ್‌ಸಿಯನ್ನು ಮತ್ತೆ ಕಟ್ಟುವವರೆಗೆ.